ಮನಸ್ಸು ಎಲ್ಲಿದೆ ರೀ?

ಟಪ್. ಗೋಡೆಯಾಚೆಯಿಂದ, ಎಡಗಡೆಯಿಂದ, ಗಂಡಸರ ಬಚ್ಚಲಿರಬೇಕು, ಅರ್ಧ ಇಂಚಿನ ನಲ್ಲಿ, ಕೆಳಗಿರುವುದು ಪಿಂಗಾಣಿ ಬೇಸಿನ್, ಸ್ಟೀಲಿನದಾಗಿದ್ದರೆ ಟಣ್ ಅನ್ನುತ್ತಿತ್ತು — ಛೆ, ಅದು ಬೇಡ, ದೇವರು, ದೇವರನ್ನು ನೆನೆಯಬೇಕು, ಅವನು ಕಣ್ಣು ಮುಚ್ಚಿ ಕೂತು ಇನ್ನೂ ಎರಡು ನಿಮಿಷ ಆಗಿಲ್ಲ, ಎದುರಿನ ಗಡಿಯಾರದಲ್ಲಿ ಎಂಟೂ ಹತ್ತು, ಕಣ್ಣು ಮುಚ್ಚಿದ್ದರೆ ಗಡಿಯಾರ ಹೇಗೆ ಕಂಡಿತು, ಅಂದರೆ ತೆರೆದಿದೆ, ಮುಚ್ಚು, ಹೂಂ, ದೇವರೇ, ಆ ಜೋಡಿ ಬಾಗಿಲಿನ ಆಚೆ ಅವಳನ್ನು ಮಲಗಿಸಿದ್ದಾರೆ, ಎದೆ ತೆರೆಯುತ್ತಾರಂತೆ, ನಾಲ್ಕು ಗಂಟೆ ಹಿಡಿಯುತ್ತದಂತೆ, ನಾಲ್ಕು ಗಂಟೆಯೂ ಮನಸ್ಸು ನಿನ್ನ ಹತ್ತಿರವೇ ಇರಬೇಕು, ಹೆಂಡತಿಗೆ ಮಾತು ಕೊಟ್ಟಾಗಿದೆ, ಕೊಡದೆ ಗತಿ ಇರಲಿಲ್ಲ, ಸ್ಟ್ರೆಚರ್ ಬಾಗಿಲು ದಾಟುವ ಹೊತ್ತಿಗೆ ಹಸಿರು ಟೋಪಿಯ ಕೆಳಗಿಂದ ಅವನನ್ನೇ ನೋಡುತ್ತ, ಏನ್ರೀ, ನಾನು ಬರೋ ತನಕ ಬೇರೆ ಏನೂ ಮಾಡಬೇಡಿ, ದೇವರ ಮೇಲೆ ಮನಸ್ಸಿಟ್ಟು ಕೂತಿರಿ, ಅಷ್ಟೇ, ಅದೊಂದು ಮಾಡ್ತೀರಾ, ಎಂದು ಕೇಳಿ, ಅವನು ಹೂಂ ಅಂದರೂ ನಂಬದೆ, ಹೊದಿಕೆಯೊಳಗಿಂದ ಕೈ ಹೊರಗೆ ತೆಗೆದು ತೋರುಬೆರಳು ಎತ್ತಿದಳು, ಮೂವತ್ತಾರು ವರ್ಷದಿಂದ ಎತ್ತುತ್ತಿರುವ ಬೆರಳು, ಸ್ಟ್ರೆಚರಿನ ಮುಂದಿನ ಚಕ್ರ ಕಿರ್ ಕಿರ್ ಅನ್ನುತ್ತಿತ್ತು, ಎರಡು ಹನಿ ಎಣ್ಣೆ ಬಿಟ್ಟಿದ್ದರೆ — ನೋಡಿ, ಹೆಂಡತಿಯನ್ನು ಆಪರೇಷನ್ನಿಗೆ ಒಯ್ಯುತ್ತಿದ್ದರೆ ಇವನಿಗೆ ಚಕ್ರದ ಚಿಂತೆ. ಟಪ್.

ಐದು ಸೆಕೆಂಡಿಗೊಂದು. ಅವನು ಎಣಿಸಿರಲಿಲ್ಲ, ಕಿವಿ ತಾನೇ ಎಣಿಸಿತು, ನಲವತ್ತು ವರ್ಷ ನಲ್ಲಿ ರಿಪೇರಿ ಮಾಡಿದ ಕಿವಿ, ಪೇಟೆಯವರೆಲ್ಲ ಅವನನ್ನು ಕರೆಯುವುದೇ ವಾಷರಣ್ಣ ಎಂದು, ಹುಟ್ಟಿದಾಗ ಇಟ್ಟ ಹೆಸರು ಈಗ ಆಸ್ಪತ್ರೆಯ ಕಾಗದದಲ್ಲಿ ಮಾತ್ರ ಇದೆ, ಈ ಸದ್ದು ಕೇಳಿದರೆ ಅವನಿಗೆ ಬೇರೆಯವರಿಗೆ ಮಗು ಅಳುವುದು ಕೇಳಿದ ಹಾಗೆ, ಎದ್ದು ಹೋಗದೆ ಕೂರಲಾಗದು, ಮದುವೆಯ ದಿನ ಕೂಡ ಹಾಗೇ ಆಗಿತ್ತು, ನಾಲ್ಕು ಜನರ ಮುಂದೆ ಅವಳ ಪಕ್ಕ ನಿಂತಿದ್ದಾಗ ಮೇಲೆಲ್ಲೋ ಟ್ಯಾಂಕು ತುಂಬಿ ಹರಿಯುವ ಸದ್ದು, ಇವನು ಕತ್ತು ಎತ್ತಿ ಛಾವಣಿ ನೋಡಿದ, ಎಲ್ಲರೂ ಪಾಪ ಹುಡುಗ ಮೇಲಿನವನನ್ನು ನೆನೆಯುತ್ತಿದ್ದಾನೆ ಎಂದುಕೊಂಡರು, ಅವಳೊಬ್ಬಳು ಮಾತ್ರ ಪಿಸುಗುಟ್ಟಿದಳು, ಮನಸ್ಸು ಎಲ್ಲಿದೆ ರೀ, ಅವಳು ಅವನಿಗೆ ಆಡಿದ ಮೊದಲ ಮಾತು ಅದೇ, ಆಮೇಲೆ ಆಡಿದ್ದರಲ್ಲಿ ಅರ್ಧವೂ ಅದೇ. ಅವಳ ಮನಸ್ಸಾದರೋ, ಅದನ್ನು ಎಲ್ಲಿ ಕಟ್ಟಿದರೂ ಅಲ್ಲೇ ನಿಲ್ಲುವ ಹಸು, ಬಟ್ಟೆ ಒಗೆಯುತ್ತ ದೇವರು, ಒಲೆ ಮುಂದೆ ದೇವರು, ಮಗಳ ಜಡೆ ಹೆಣೆಯುತ್ತ ದೇವರು, ಒಮ್ಮೆ ಪಕ್ಕದ ಮನೆಯವರ ಜತೆ ಜಗಳ ಆಡುವಾಗಲೂ ನಡುವೆ ತುಟಿ ಅಲ್ಲಾಡುತ್ತಿತ್ತು, ಇವಳು ಶಾಪ ಹಾಕುತ್ತಿದ್ದಾಳೆಂದು ಎದುರಿನವಳು ಹೆದರಿ ಒಳಗೆ ಹೋದಳು, ಅದು ಹೇಗೆ ಮಾಡ್ತೀಯೆ ಎಂದು ಇವನು ಕೇಳಿದರೆ, ಮನಸ್ಸು ಓಡಿಹೋದ್ರೆ ಬೈಬಾರದು ರೀ, ಸಂತೆಯಲ್ಲಿ ತಪ್ಪಿಸ್ಕೊಂಡ ಮಗು ಥರ, ಕೈ ಹಿಡಿದು ವಾಪಸ್ ಕರ್ಕೊಂಡು ಬರಬೇಕು, ಅಂದಳು. ಸರಿ, ಕರ್ಕೊಂಡು ಬಾ, ಬಾ ಮಗಾ, ಇಲ್ಲಿ ಕೂರು, ದೇವರು, ಬೆಳಕು, ಶಾಂತಿ, ಬೆಳಕು ಅಂದರೆ ಮೇಲಿನ ಟ್ಯೂಬ್‌ಲೈಟ್ ಮಿಟುಕುತ್ತಿದೆ, ಅದು ಕರೆಂಟಿನವರ ಕೆಲಸ, ನಮಗೆ ಸಂಬಂಧವಿಲ್ಲ, ಪುಣ್ಯ, ಅದೊಂದರಿಂದ ಮುಕ್ತಿ, ಶಾಂತಿ, ಶಾಂತಿ — ಟಪ್.

ಪಕ್ಕದಲ್ಲಿ ನಾದಿನಿ, ಹೆಂಡತಿಯ ತಂಗಿ, ಕೈ ಜೋಡಿಸಿ ಕಣ್ಣು ಮುಚ್ಚಿ ಕಲ್ಲಿನಲ್ಲಿ ಕಡೆದ ಹಾಗೆ ಕೂತಿದ್ದಾಳೆ, ಅರ್ಧ ಗಂಟೆಯಿಂದ ರೆಪ್ಪೆ ಕೂಡ ಅಲುಗಿಲ್ಲ, ಆ ವಂಶದಲ್ಲೇ ಇದೆ ಏಕಾಗ್ರತೆ, ಇವಳನ್ನು ನೋಡಿ ಕಲಿ ಎಂದು ಅವನು ತನಗೆ ತಾನೇ ಹೇಳಿಕೊಂಡ, ಬೆನ್ನು ನೆಟ್ಟಗೆ ಮಾಡಿದ, ಅವಳ ಉಸಿರಿನ ಜತೆ ಉಸಿರು ಸೇರಿಸಿದ, ಒಳಗೆ, ಹೊರಗೆ, ಒಳಗೆ, ಹೊರಗೆ, ದೇವರೇ ಅವಳನ್ನು ಕಾಪಾಡು, ಒಳಗೆ, ಹೊರಗೆ, ಇದೇನು ಹೊರಗೆ ಬರುವಾಗ ಶಿಳ್ಳೆ, ಆಮೇಲೆ ಶಿಳ್ಳೆಯ ಹಿಂದೆ ಗೊರಕೆ, ಸಣ್ಣದಾಗಿ ಶುರುವಾಗಿ, ಗಾಳಿ ಸಿಕ್ಕಿಕೊಂಡ ಪೈಪಿನ ಹಾಗೆ ಗೊರಗೊರ ಗೊರಗೊರ, ಎದುರಿನ ಸಾಲಿನ ಮುದುಕ ಪತ್ರಿಕೆ ಇಳಿಸಿ ಇವನನ್ನೇ ದುರುಗುಟ್ಟಿ ನೋಡಿದ, ಅಯ್ಯೋ ನಾನಲ್ಲ ಸ್ವಾಮಿ ಎಂದು ಹೇಳುವುದು ಹೇಗೆ, ನಾದಿನಿಯನ್ನು ಎಬ್ಬಿಸಲೂ ಆಗದು, ಬಿಡಲೂ ಆಗದು, ರಾತ್ರಿಯೆಲ್ಲ ಅಕ್ಕನ ಕಾಲೊತ್ತುತ್ತ ಕೂತವಳು, ಮಲಗಲಿ, ದೇವರ ಮಡಿಲಲ್ಲೇ ಮಲಗಿದಳು ಎಂದುಕೊಂಡರಾಯಿತು, ತನಗೆ ಆ ಭಾಗ್ಯವೂ ಇಲ್ಲ, ನಿದ್ದೆಯೂ ಇಲ್ಲ ಧ್ಯಾನವೂ ಇಲ್ಲ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ, ಇವನ ಕೋಣ ಹುಟ್ಟಿದ್ದೇ ನೀರಲ್ಲಿ. ಒಂಬತ್ತೂ ಇಪ್ಪತ್ತು. ಒಳಗೆ ಈಗ ಏನು ನಡೆದಿದೆಯೋ, ಡಾಕ್ಟರು ಹೋದ ವಾರ ಕಾಗದದ ಮೇಲೆ ಚಿತ್ರ ಬರೆದು ಹೇಳಿದ್ದರು, ನೋಡಿ, ನಿಮ್ಮವರ ಹೃದಯದಲ್ಲಿ ಒಂದು ವಾಲ್ವ್ ಇದೆ, ಅದು ಸರಿಯಾಗಿ ಮುಚ್ಕೋತಿಲ್ಲ, ಹೋದ ರಕ್ತ ವಾಪಸ್ ಸೋರ್ತಿದೆ, ಇವನು ತಲೆಯಾಡಿಸುತ್ತ, ಹೌದು ಸಾರ್, ರಿಟರ್ನ್ ಆಗ್ತಿದೆ, ಪ್ರೆಷರ್ ನಿಲ್ಲಲ್ಲ, ಅದಕ್ಕೇ ಮೆಟ್ಟಿಲು ಹತ್ತಿದ್ರೆ ಅವಳಿಗೆ ಏದುಸಿರು, ಎಂದಾಗ ಡಾಕ್ಟರು ಕನ್ನಡಕ ತೆಗೆದು, ನೀವೇನು ಕೆಲಸ ಮಾಡೋದು ಎಂದು ಕೇಳಿದರು, ಹೇಳಿದ, ಅವರ ಮುಖ ಅರಳಿತು, ಅಯ್ಯೋ ಮಾರಾಯ್ರೆ, ನಮ್ಮನೆ ಸ್ನಾನದ ಮನೇಲಿ ಒಂದು ನಲ್ಲಿ ಆರು ತಿಂಗಳಿಂದ ತೊಟ್ಟಿಕ್ತಾ ಇದೆ, ಮೂರು ಜನ ಬಂದು ಹೋದ್ರು, ತಲೆ ಚಿಟ್ಟು ಹಿಡಿದಿದೆ, ಅಂದರು, ಹೆಂಡತಿ ಮೇಜಿನ ಕೆಳಗೆ ಇವನ ತೊಡೆ ಚಿವುಟಿದಳು, ಮಾತು ತನ್ನ ಹೃದಯದಿಂದ ನಲ್ಲಿಗೆ ಜಾರಿತೆಂದು ಅವಳಿಗೆ ಗೊತ್ತಾಗಿತ್ತು. ಹಳೇದು ತೆಗೆದು ಹೊಸದು ಕೂರಿಸಬೇಕು, ರಿಪೇರಿಯಲ್ಲಿ ಪ್ರಯೋಜನವಿಲ್ಲ, ಎಂದರು ಡಾಕ್ಟರು, ಇವನು ಯಾವ ಸೈಜು ಸಾರ್ ಎಂದು ಕೇಳಿದ, ಮತ್ತೆ ಚಿವುಟಿದಳು. ಆ ಜಾಗ ಈಗಲೂ ಕಂದಿದೆ. ಅದನ್ನು ಒತ್ತಿ ನೋಡಿಕೊಂಡ. ನೋವು ಇತ್ತು. ಇದ್ದದ್ದಕ್ಕೆ ಯಾಕೋ ಸಮಾಧಾನವಾಯಿತು.

ಟಪ್, ಟಪ್. ಈಗ ನಾಲ್ಕು ಸೆಕೆಂಡಿಗೊಂದು, ಹೆಚ್ಚಾಗಿದೆ, ಯಾರೋ ಬಚ್ಚಲಿಗೆ ಹೋದವರು ನಿಲ್ಲಿಸುವ ಹಟದಲ್ಲಿ ಬಿಗಿಯಾಗಿ ತಿರುಗಿಸಿರಬೇಕು, ಲೋಕದ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ, ಸೋರುವ ನಲ್ಲಿಯನ್ನು ಬಿಗಿ ಮಾಡಿದಷ್ಟೂ ವಾಷರ್ ಹರಿಯುತ್ತದೆ, ಮನಸ್ಸೂ ಹಾಗೆಯೇ ಏನೋ, ಬಿಗಿ ಹಿಡಿದಷ್ಟೂ — ಎಷ್ಟು ಒಳ್ಳೆ ಮಾತು ಹೊಳೆಯಿತು, ಅವಳಿಗೆ ಹೇಳಬೇಕು, ಹೇಳಿದರೆ ಏನನ್ನುತ್ತಾಳೆ, ಅಂದ್ರೆ ನೀವು ನಲ್ಲಿ ಬಗ್ಗೆ ಯೋಚನೆ ಮಾಡ್ತಿದ್ರಿ, ಅನ್ನುತ್ತಾಳೆ, ಬೆರಳು ಎತ್ತುತ್ತಾಳೆ, ಬೇಡ. ಅವನು ಎದ್ದು ಕೌಂಟರಿನ ಸಿಸ್ಟರ್ ಹತ್ತಿರ ಹೋದ, ಸಿಸ್ಟರ್, ಅಲ್ಲೊಂದು ನಲ್ಲಿ ಸೋರ್ತಾ ಇದೆ, ಅವರು ತಲೆ ಎತ್ತದೆ, ಗೊತ್ತು, ಬರೆದು ಕೊಟ್ಟಿದ್ದೀವಿ, ಸೋಮವಾರ ಬರ್ತಾರೆ, ಯಾವ ಸೋಮವಾರ ಸಿಸ್ಟರ್, ಅದನ್ನ ಅವರೇ ಹೇಳಬೇಕು, ನಿಮ್ಮ ಪೇಷಂಟ್ ಒಳಗಿದ್ದಾರಲ್ವಾ, ಸಮಾಧಾನವಾಗಿ ಕೂತು ದೇವರನ್ನ ನೆನೆಸ್ಕೊಳ್ಳಿ. ಇವರೂ ಅದನ್ನೇ ಹೇಳುತ್ತಾರೆ. ಕೂತ. ದೇವರೇ, ನಾನು ನಿನ್ನ ಮುಂದೆ ಕೂತಿದ್ದೇನೆ, ನೀನೇ ನೋಡುತ್ತಿದ್ದೀಯ, ತಪ್ಪು ನನ್ನದಲ್ಲ, ನೀನು ಎಲ್ಲ ಕಡೆ ಇದ್ದೀಯ ಅನ್ನುತ್ತಾರೆ, ಬಚ್ಚಲಲ್ಲೂ ಇರಬೇಕು, ಆ ಸದ್ದು ನಿನಗೂ ಕೇಳುತ್ತಿರಬೇಕು, ನಿನಗೆ ಹೇಗೆ ತಡೆಯಲು ಆಗುತ್ತದೋ ಕಾಣೆ. ಪಂಚೆಯೊಳಗಿನ ಚಡ್ಡಿಯ ಜೇಬಿಗೆ ಕೈ ಹೋಯಿತು, ನಿನ್ನೆ ಆಸ್ಪತ್ರೆಗೆ ಹೊರಡುವಾಗ ಅವಳು ತಾನೇ ನಿಂತು ಸಾಮಾನಿನ ಚೀಲ ಮನೆಯಲ್ಲೇ ಇರಿಸಿದ್ದಳು, ಇದೊಂದು ಸಲ ಅದು ಬೇಡ ರೀ, ಸರಿ ಎಂದಿದ್ದ, ಆದರೆ ಈ ಒಳಜೇಬು ಅವಳಿಗೂ ಗೊತ್ತಿಲ್ಲ, ಅದರಲ್ಲಿ ಸದಾ ಎರಡು ವಾಷರ್ ಇರುತ್ತವೆ, ಬೇರೆಯವರು ಚಿಲ್ಲರೆ ಇಟ್ಟುಕೊಂಡ ಹಾಗೆ, ಬೆರಳು ರಬ್ಬರಿನ ಅಂಚು ಸವರಿತು, ಅರ್ಧ ಇಂಚು, ಹೊಸದು. ಹತ್ತು ನಿಮಿಷದ ಕೆಲಸ. ಹತ್ತು ನಿಮಿಷ ಮಾಡಿ ಬಂದು ಉಳಿದ ಹೊತ್ತು ಪೂರ್ತಿ ದೇವರಿಗೆ, ಒಂದು ಹನಿ ಸೋರದ ಹಾಗೆ. ಇದು ಮನಸ್ಸಿನ ಕಳ್ಳದಾರಿ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೂ ಹನ್ನೊಂದು ಗಂಟೆಯವರೆಗೆ ಕೂತ, ಅದು ಅವನ ತಪಸ್ಸು, ಎರಡು ಸಾವಿರದಷ್ಟು ಹನಿ ಬಿದ್ದವು, ಒಂದೊಂದೂ ತಲೆಯ ಮೇಲೇ ಬಿದ್ದ ಹಾಗೆ, ಕೊನೆಗೆ ಕಾಲುಗಳು ತಾವಾಗಿ ಎದ್ದವು.

ಮೆಟ್ಟಿಲ ಹತ್ತಿರದ ವಾಚ್‌ಮನ್ ಬಳಿ ಸ್ಪ್ಯಾನರ್ ಇತ್ತು, ಸ್ಟ್ರೆಚರ್ ಚಕ್ರ ಬಿಗಿ ಮಾಡೋಕೆ ಇಟ್ಕೊಂಡಿದ್ದೀನಿ, ಯಾಕೆ ಬೇಕು, ನಲ್ಲಿ ಸೋರ್ತಿದೆ, ನೀವ್ಯಾಕೆ ಮಾಡಬೇಕು, ನನ್ನ ಹೆಂಡತಿ ಒಳಗಿದ್ದಾಳೆ, ವಾಚ್‌ಮನ್‌ಗೆ ಎರಡಕ್ಕೂ ಏನು ಸಂಬಂಧ ಎಂದು ತಿಳಿಯಲಿಲ್ಲ, ಆದರೆ ಇವನ ಮುಖ ನೋಡಿ ತೆಗೆದು ಕೊಟ್ಟ. ಬಚ್ಚಲು, ಮೂರು ಬೇಸಿನ್, ನಡುವಿನದು, ಬಾ ಮಗನೆ, ನೀನೇನಾ, ಅವನು ತೋಳು ಮಡಿಸಿ ಕೆಳಗೆ ಬಗ್ಗಿ ನೀರು ಬರುವ ಕಡೆಯ ತಿರುಪು ಮುಚ್ಚಿದ, ಅದು ಮುಕ್ಕಾಲು ಮುಚ್ಚಿತು, ಕಾಲು ಭಾಗ ಕೇಳಲಿಲ್ಲ, ಹಳೇದು, ತುಕ್ಕು, ಇರಲಿ, ಮೇಲೆ ಸ್ಪ್ಯಾನರ್ ಹಚ್ಚಿ ನಲ್ಲಿಯ ತಲೆ ಬಿಚ್ಚಿದ, ಪುಸ್ ಎಂದು ನೀರು ಚಿಮ್ಮಿತು, ಮುಖಕ್ಕೆ, ಎದೆಗೆ, ಮೊಣಕೈವರೆಗೆ, ಅವನು ಎಡ ಹೆಬ್ಬೆರಳಿಂದ ಬಾಯಿ ಒತ್ತಿ ಹಿಡಿದ, ಬಲಗೈಯಲ್ಲಿ ಹಳೆಯ ವಾಷರ್ ಕಿತ್ತ, ಕಚ್ಚಿ ತಿಂದ ಹಾಗೆ ಸವೆದಿತ್ತು ಪಾಪ, ಎಷ್ಟು ವರ್ಷ ದುಡಿದಿದೆಯೋ, ಮುಚ್ಚು ತೆರೆ ಮುಚ್ಚು ತೆರೆ, ಯಾರೂ ನೋಡದ ಜಾಗದಲ್ಲಿ, ಅವಳದ್ದೂ ಹೀಗೇ ಸವೆದಿರಬೇಕು, ಐವತ್ತೆಂಟು ವರ್ಷ ಒಂದು ಗಳಿಗೆ ನಿಂತಿಲ್ಲ, ಮೂವತ್ತಾರು ವರ್ಷ ನನ್ನ ಜತೆ — ಈಗ, ಈ ಕ್ಷಣ, ಆ ಗೋಡೆಯಾಚೆ ಡಾಕ್ಟರೂ ಹೀಗೇ ಬಗ್ಗಿ ನಿಂತಿರುತ್ತಾರೆ, ಬೆನ್ನು ನೋಯುತ್ತಿರುತ್ತದೆ, ಹಳೇದು ತೆಗೆದಾಗಿದೆ, ಹೊಸದು ಕೈಯಲ್ಲಿದೆ, ಒಂದು ಕೂದಲಷ್ಟು ಓರೆಯಾಗಿ ಕೂತರೂ ಮುಗಿಯಿತು, ಅವರ ಮನಸ್ಸು ಎಲ್ಲಿರಬೇಕು, ಅಲ್ಲೇ, ಆ ಅಂಚಿನ ಮೇಲೇ ಇರಬೇಕು, ಅಲ್ಲೇ ಇದೆಯೋ ಇಲ್ಲವೋ, ಅವರೂ ಮನುಷ್ಯರೇ ತಾನೇ, ನನ್ನ ಹಾಗೆ ಅವರ ಮನಸ್ಸೂ ಓಡಿಹೋದರೆ, ಎಲ್ಲಿಗೆ ಓಡುತ್ತದೆ, ಮನೆಗೆ, ಮನೆಯಲ್ಲಿ ಎಲ್ಲಿಗೆ, ಸ್ನಾನದ ಮನೆಗೆ, ಅಯ್ಯಯ್ಯೋ, ಆರು ತಿಂಗಳಿಂದ ತೊಟ್ಟಿಕ್ಕುವ ನಲ್ಲಿ, ತಲೆ ಚಿಟ್ಟು ಹಿಡಿದಿದೆ ಎಂದಿದ್ದರಲ್ಲ, ಬೆಳಿಗ್ಗೆ ಮುಖ ತೊಳೆಯುವಾಗಲೂ ಕೇಳಿಯೇ ಬಂದಿರುತ್ತಾರೆ, ಈಗ ಅವಳ ಎದೆಯ ಮೇಲೆ ಕೈಯಿಟ್ಟು ಅವರು ನಲ್ಲಿಯನ್ನು ನೆನೆಯುತ್ತಿದ್ದರೆ, ದೇವರೇ, ದೇವರೇ, ದೇವರೇ, ನನ್ನ ಮನಸ್ಸು ಕೆರೆಗಾದರೂ ಹೋಗಲಿ ಕಸಕ್ಕಾದರೂ ಹೋಗಲಿ, ಅದನ್ನು ಹಿಡಿಯುವ ಕಷ್ಟ ನೀನು ಪಡಬೇಡ, ನಿನ್ನ ಎರಡೂ ಕೈಯಿಂದ ಆ ಪುಣ್ಯಾತ್ಮರ ಮನಸ್ಸು ಹಿಡಿದುಕೋ, ಅಲ್ಲಾಡಲು ಬಿಡಬೇಡ, ಅವರ ಮನೆ ನಲ್ಲಿ ನಾನು ನೋಡಿಕೊಳ್ಳುತ್ತೇನೆ, ಇವತ್ತೇ ಹೋಗುತ್ತೇನೆ, ಅವಳು ಬದುಕಿದರೂ ಹೋಗುತ್ತೇನೆ, ಅವಳು — ಅಲ್ಲಿ ಅವನ ಮಾತು ಮುರಿಯಿತು, ಆ ಪದವನ್ನು ಬೆಳಿಗ್ಗೆಯಿಂದ ಅವನು ಸುತ್ತಿ ಸುತ್ತಿ ದಾಟುತ್ತಿದ್ದ, ನಲ್ಲಿ, ಚಕ್ರ, ಗೊರಕೆ, ಏನಾದರೂ ಆಗಲಿ ಆ ಪದ ಬೇಡವೆಂದು, ಈಗ ಅದರ ಎದುರಿಗೇ ಬಂದು ನಿಂತಿದ್ದ, ಹೆಬ್ಬೆರಳ ಸಂದಿನಿಂದ ನೀರು ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ, ಮುಖದ ಮೇಲೂ ನೀರು, ಅದರಲ್ಲಿ ನಲ್ಲಿಯದೆಷ್ಟು ಎಂದು ಅವನಿಗೇ ಗೊತ್ತಾಗಲಿಲ್ಲ.

ಭಾವಾ, ಭಾವಾ, ಬಾಗಿಲು ಬಡಿಯುತ್ತಿರುವುದು ನಾದಿನಿ, ಕರೀತಿದ್ದಾರೆ, ಮೈಕಲ್ಲಿ ಎರಡು ಸಲ ಕೂಗಿದ್ರು, ಎಲ್ಲಿದ್ದೀರಾ. ಕೈ ಬಿಟ್ಟರೆ ಬಚ್ಚಲು ಕೆರೆಯಾಗುತ್ತದೆ. ಗಂಟೆ ಎಷ್ಟಮ್ಮಾ, ಹನ್ನೊಂದೂ ಇಪ್ಪತ್ತು, ನಾಲ್ಕು ಗಂಟೆ ಅಂದಿದ್ರಲ್ಲ, ಇನ್ನೂ ಮುಕ್ಕಾಲು ಗಂಟೆ ಇದೆಯಲ್ಲ. ಕೆಲಸ ಬೇಗ ಮುಗಿಯುವುದು ಎರಡೇ ಕಾರಣಕ್ಕೆ, ಇದು ಅವನಿಗೆ ಕೇಳಿ ತಿಳಿಯಬೇಕಾದದ್ದಲ್ಲ, ಒಂದು, ಎಲ್ಲ ಸಲೀಸಾಗಿ ಕೂತಿತು, ಇನ್ನೊಂದು, ಬಿಚ್ಚಿ ನೋಡಿದೆವು, ಇದು ಆಗುವಂಥದ್ದಲ್ಲ, ಮುಚ್ಚಿಬಿಡಿ, ಅವನೇ ಎಷ್ಟು ಮನೆಗಳಲ್ಲಿ ತಲೆಯಾಡಿಸಿ ಮುಚ್ಚಿ ಬಂದಿದ್ದಾನೆ, ಆ ಮನೆಯವರ ಮುಖವನ್ನು ಒಂದು ದಿನವೂ ನೋಡಿರಲಿಲ್ಲ, ಪೈಪ್ ಮಾತ್ರ ನೋಡಿದ್ದ. ಬಂದೆ, ಒಂದೇ ನಿಮಿಷ, ಹೊಸ ವಾಷರ್ ಜಾರಿತು, ಬೇಸಿನ್ನಿನ ತೂತಿನ ಅಂಚಿಗೆ ಹೋಗಿ ನಿಂತಿತು, ಹಿಡಿದ, ಕೂರಿಸಿದ, ಅದು ಸರಿಯಾಗಿ ಕೂತಿತು, ಕೈಗೆ ಅದರ ದಾರಿ ಗೊತ್ತು, ನಲ್ಲಿಯ ತಲೆ ತಿರುಗಿಸಿದ, ಬಿಗಿ, ಅತಿ ಬೇಡ, ಸಾಕು, ಕೆಳಗಿನ ತಿರುಪು ತೆರೆದ, ನಿಂತ. ಸದ್ದಿಲ್ಲ. ಮೂರು ಗಂಟೆಯ ಮೇಲೆ ಮೊದಲ ಸಲ ಏನೂ ಸದ್ದಿಲ್ಲ, ಆ ಸದ್ದಿಲ್ಲದ್ದು ಅವನಿಗೆ ಹನಿಗಿಂತ ಜೋರಾಗಿ ಕೇಳಿತು, ಅದರಲ್ಲಿ ಅವನಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ, ದೇವರೇ ಎಂದ, ಅಷ್ಟನ್ನೇ ಎಂದು ಓಡಿದ.

ಜೋಡಿ ಬಾಗಿಲ ಮುಂದೆ ಡಾಕ್ಟರು ಟೋಪಿ ತೆಗೆದು ನಿಂತಿದ್ದಾರೆ, ಹಣೆಯಲ್ಲಿ ಪಟ್ಟಿಯ ಗುರುತು, ಕಣ್ಣು ಕೆಂಪು, ಮುಖ ಓದಲು ಆಗುತ್ತಿಲ್ಲ, ಪೈಪ್ ಓದಲು ಬರುವವನಿಗೆ ಮುಖ ಎಲ್ಲಿ ಬರಬೇಕು, ಅವರು ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ನೀರು ತೊಟ್ಟಿಕ್ಕುವ ಅಂಗಿ, ಕೈಯಲ್ಲಿ ಸ್ಪ್ಯಾನರ್, ಯಾಕ್ರೀ, ಒಳಗೆ ಬಂದು ಸಹಾಯ ಮಾಡೋಣ ಅಂತಿದ್ರಾ, ಎಂದರು, ಹಾಸ್ಯ ಮಾಡುತ್ತಿದ್ದಾರೆ, ಹಾಸ್ಯ ಮಾಡುತ್ತಿದ್ದಾರೆ ಎಂದರೆ — ವಾಲ್ವ್ ಚೆನ್ನಾಗಿ ಕೂತಿದೆ, ನಾವು ಅಂದ್ಕೊಂಡಿದ್ದಕ್ಕಿಂತ ಬೇಗ ಆಯ್ತು. ಲೀಕು ಸಾರ್, ಲೀಕು. ನೋಡಿದ್ವಿ, ಒಂದು ಹನಿ ಇಲ್ಲ. ನಾದಿನಿ ಹೋ ಎಂದು ಅತ್ತಳು, ಇವನಿಗೆ ಅಳು ಬರಲಿಲ್ಲ, ಬಂದದ್ದು ಬೇರೆ ಮಾತು, ಸಾರ್, ಒಂದು ಕೇಳ್ತೀನಿ ಬೇಜಾರು ಮಾಡ್ಕೋಬೇಡಿ, ಒಳಗಿದ್ದಾಗ ನಿಮಗೆ ನಿಮ್ಮ ಮನೆ ನಲ್ಲಿ ನೆನಪಾಯ್ತಾ. ಡಾಕ್ಟರು ಹುಬ್ಬು ಗಂಟು ಹಾಕಿದರು, ಯಾವ ನಲ್ಲಿ. ಅದೇ, ಸ್ನಾನದ ಮನೇದು, ಆರು ತಿಂಗಳಿಂದ. ಅವರು ಒಂದು ಗಳಿಗೆ ಎಲ್ಲೋ ದೂರದಿಂದ ಮನೆಗೆ ವಾಪಸ್ ಬಂದವರ ಹಾಗೆ ಕಣ್ಣು ಪಿಳುಕಿಸಿ, ಓ ಅದಾ, ಅಯ್ಯೋ, ಮರೆತೇಬಿಟ್ಟಿದ್ದೆ, ನೀವ್ಯಾಕ್ರೀ ಈಗ ನೆನಪು ಮಾಡಿದ್ರಿ, ಎಂದರು, ಇವನು ಅವರ ಎರಡೂ ಕೈ ಹಿಡಿದುಕೊಂಡ, ಸ್ಪ್ಯಾನರ್ ಸಮೇತ ಹಿಡಿದುಕೊಂಡ, ಆಗ ಅಳು ಬಂತು.

ಮಧ್ಯಾಹ್ನ ಎರಡು ಗಂಟೆಗೆ ಒಳಗೆ ಬಿಟ್ಟರು, ಒಬ್ಬರೇ, ಎರಡೇ ನಿಮಿಷ, ಅಂಗಿಯ ಮೇಲೆ ಹಸಿರು ನಿಲುವಂಗಿ ತೊಡಿಸಿದರು, ಒಳಗಿನ ತೋಳು ಇನ್ನೂ ಆರಿರಲಿಲ್ಲ, ಮಾತಾಡಿಸಬೇಡಿ, ಗಂಟಲಲ್ಲಿ ಟ್ಯೂಬ್ ಇದೆ, ಅವರಿಗೆ ಮಾತಾಡೋಕೆ ಆಗಲ್ಲ, ಈಗ ತಾನೇ ಎಚ್ಚರ ಆಗ್ತಿದೆ, ಎಂದರು ಸಿಸ್ಟರ್, ಮದುವೆಯಾದಾಗಿನಿಂದ ಅವಳಿಗೆ ಮಾತಾಡಲು ಆಗದ ಮೊದಲ ಎರಡು ನಿಮಿಷ ಇದು, ಏನು ಹೇಳಲಿ, ನಾಲ್ಕು ಗಂಟೆಯೂ ಮನಸ್ಸು ದೇವರ ಹತ್ತಿರವೇ ಇತ್ತು ಕಣೇ ಎಂದರೆ ಆಯಿತು, ಎದುರು ಮಾತಾಡುವಂತಿಲ್ಲ, ಇಂಥ ಸುಳ್ಳು ಹೇಳುವ ಅವಕಾಶ ಮತ್ತೆ ಸಿಗದು, ಅಥವಾ ಉಳಿದ ಹೊತ್ತು ಹೇಗಿತ್ತೋ, ಒಂದು ನಿಮಿಷ ಮಾತ್ರ ನಿಜವಾಗಿ ಇತ್ತು, ಆ ಒಂದು ನಿಮಿಷ ಎಲ್ಲಿ ಕೂತಿದ್ರಿ ಎಂದು ಕೇಳಿದರೆ, ಬಚ್ಚಲಲ್ಲಿ — ಬೇಡ. ತಂತಿಗಳು, ಪೈಪುಗಳು, ಎಷ್ಟೊಂದು ಪೈಪು, ಒಂದೂ ಸೊಟ್ಟಗಿಲ್ಲ, ಕೆಲಸ ಅಚ್ಚುಕಟ್ಟು, ಮೇಲೆ ತೂಗು ಹಾಕಿದ ಬಾಟಲಿಯ ಕೆಳಗೆ ಹನಿ ಬೀಳುತ್ತಿದೆ, ಅವನ ಕೈ ಅವನನ್ನು ಕೇಳದೆ ಅದರ ತಿರುಪಿಗೆ ಹೋಯಿತು, ಅಯ್ಯೋ ಮುಟ್ಟಬೇಡಿ, ಅದು ತೊಟ್ಟಿಕ್ಕಲೇಬೇಕು, ಎಂದು ಸಿಸ್ಟರ್ ಕೂಗಿದರು, ಆ ಕೂಗಿಗೆ ಹಾಸಿಗೆಯ ಮೇಲಿನ ರೆಪ್ಪೆಗಳು ಅಲುಗಿದವು, ತೆರೆದವು, ಛಾವಣಿ ನೋಡಿದವು, ದೀಪ ನೋಡಿದವು, ಇವನನ್ನು ನೋಡಿದವು, ನಿಧಾನವಾಗಿ ಕೆಳಗಿಳಿದು ಹಸಿರು ನಿಲುವಂಗಿಯ ತೋಳಿನಿಂದ ಹೊರಗೆ ಇಣುಕಿದ ಒದ್ದೆ ಅಂಗಿಯ ಮೇಲೆ ನಿಂತವು, ಅಲ್ಲೇ ನಿಂತವು, ಇವನು ಕೈ ಹಿಂದಕ್ಕೆ ಅಡಗಿಸಿಕೊಂಡ, ತಡವಾಗಿತ್ತು, ನೋಡು, ಅದೇನಾಯಿತು ಅಂದರೆ, ನಾನು ಕಣ್ಣು ಮುಚ್ಚಿಯೇ ಕೂತಿದ್ದೆ, ಆದರೆ — ಹಾಸಿಗೆಯ ಮೇಲೆ ಅವಳ ಬಲಗೈ, ನಾಡಿ ನೋಡುವ ಕ್ಲಿಪ್ಪು ಸಿಕ್ಕಿಸಿದ ತೋರುಬೆರಳು, ಒಳಗಿನಿಂದ ಕೆಂಪಗೆ ಉರಿಯುತ್ತ, ಸ್ವಲ್ಪ ಅಲುಗಿತು, ಬಿದ್ದಿತು, ಮತ್ತೆ ಅಲುಗಿತು, ದೇವರೇ, ಏಳಲಿ, ಏಳಲಿ, ಇನ್ನು ಸ್ವಲ್ಪ, ಎದ್ದಿತು, ನೆಟ್ಟಗೆ ಎದ್ದು ನಿಂತಿತು ಆ ಬೆರಳು, ಕೆಂಪು ಬೆಳಕಿನ ಆ ಬೆರಳು, ಬಾಟಲಿಯ ಹನಿ ಬೀಳುತ್ತಲೇ ಇತ್ತು, ಅವನ ಮನಸ್ಸು ಅತ್ತ ಹೋಗಲಿಲ್ಲ, ಬೆರಳು, ಬೆರಳು